ಸೋಲುವ ಕುದುರೆಗೂ ಗಿರಾಕಿಗಳಿದ್ದಾರೆ

“ರೇಸೆಲ್ಲ ಮೊದಲೇ ಸೆಟ್ಟಿಂಗ್ ಆಗಿರುತ್ತಂತೆ, ಹೌದಾ ಸಾರ್?” ಈ ಅಂಕಣ ಓದುವವರು ಎದುರು ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಪಂಗಡ. ಮೊದಲನೆಯವರು ಬೆಂಗಳೂರಿನ ರೇಸ್‌ಕೋರ್ಸನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದವರು. ಅವರದು ಬರೀ ಕುತೂಹಲ. ಎರಡನೆಯವರು ಒಳಗೆ ಹೋಗಿ ಕೈ ಸುಟ್ಟುಕೊಂಡು ಬಂದವರು. ಅವರು ಪ್ರಶ್ನೆಯ ಧಾಟಿಯಲ್ಲಿ ತೀರ್ಪನ್ನೇ ಕೊಡುತ್ತಾರೆ. ರೇಸ್‌ಕೋರ್ಸ್ ರಸ್ತೆಗೆ 2023ರಲ್ಲಿ ಅಂಬರೀಶ್ ಹೆಸರಿಟ್ಟಾಗ, ಕುದುರೆ ರೇಸೆಂದರೆ ಜೀವ ಬಿಡುತ್ತಿದ್ದ ನಟನಿಗೆ ಇದಕ್ಕಿಂತ ಒಪ್ಪುವ ರಸ್ತೆ ಇನ್ನೊಂದಿಲ್ಲ ಎಂದು ನನಗನ್ನಿಸಿತ್ತು. ಅದೇ ರಸ್ತೆಯಲ್ಲಿ ಭಾನುವಾರ ಸಂಜೆ ಗೇಟಿನಿಂದ ಹೊರಬರುವ ಗುಂಪಿನ ಜೊತೆ ನಾಲ್ಕು ಹೆಜ್ಜೆ ಹಾಕಿ ನೋಡಿ. ಸೋತವರ ಬಾಯಲ್ಲಿ ಇರುವುದು ಒಂದೇ ಮಾತು: ಜಾಕಿ ಎಳೆದುಬಿಟ್ಟ.

ರೇಸಿನಲ್ಲಿ ಮೋಸವೇ ಇಲ್ಲ ಎಂದು ವಾದಿಸಲು ನಾನು ಹೊರಟಿಲ್ಲ. ಇದೆ. ಇನ್ನೂರು ಮುನ್ನೂರು ವರ್ಷಗಳಿಂದ ಇದೆ. 1812ರಲ್ಲಿ ಡೇನಿಯಲ್ ಡಾಸನ್ ಎಂಬಾತನನ್ನು ಇಂಗ್ಲೆಂಡಿನಲ್ಲಿ ಗಲ್ಲಿಗೇರಿಸಿದ್ದು, ನ್ಯೂಮಾರ್ಕೆಟ್‌ನಲ್ಲಿ ರೇಸ್ ಕುದುರೆಗಳು ಕುಡಿಯುವ ನೀರಿಗೆ ವಿಷ ಬೆರೆಸಿದ್ದಕ್ಕೆ. ಆದರೆ ಬೆಟ್ ಕಟ್ಟುವ ನಮ್ಮ ಸಾಮಾನ್ಯ ಪಂಟರ್ ಅನುಮಾನ ಪಡುವ ದಿಕ್ಕೇ ಬೇರೆ. “ಇವತ್ತು ಯಾವ ಕುದುರೆ ಗೆಲ್ಲಬೇಕು ಅಂತ ಯಾರೋ ನಾಲ್ಕು ಜನ ಕೂತು ತೀರ್ಮಾನ ಮಾಡಿರ್ತಾರೆ” ಎಂಬುದು ಅವನ ನಂಬಿಕೆ. ನಾನು ನೋಡಿದ, ಓದಿದ, ಬಲ್ಲವರಿಂದ ಕೇಳಿದ ಮಟ್ಟಿಗೆ, ಅತ್ಯಂತ ಕಷ್ಟದ ಕೆಲಸವೇ ಅದು.

ಲೆಕ್ಕ ಹಾಕಿ. ಹನ್ನೆರಡು ಕುದುರೆ ಓಡುತ್ತವೆ ಅನ್ನಿ. ಪ್ರತಿಯೊಂದಕ್ಕೂ ಒಬ್ಬ ಮಾಲೀಕ, ಒಬ್ಬ ಟ್ರೇನರ್, ಒಬ್ಬ ಜಾಕಿ, ಲಾಯದಲ್ಲಿ ಅದರ ಜೊತೆಯಲ್ಲೇ ಬೆಳಗು ಬೈಗು ಕಳೆಯುವ ಒಬ್ಬ ಸೈಸ್. ಒಂದು ಕುದುರೆ ಗೆಲ್ಲುವುದು ಖಾತ್ರಿಯಾಗಬೇಕಾದರೆ ಉಳಿದ ಹನ್ನೊಂದನ್ನೂ ತಡೆಯಬೇಕು. ಹನ್ನೊಂದು ಜಾಕಿಗಳಿಗೂ ಪಾಲು ಕೊಡಬೇಕು, ಹನ್ನೊಂದು ಬಾಯಿಗೂ ಬೀಗ ಹಾಕಬೇಕು. ಅಷ್ಟು ಜನಕ್ಕೆ ಗೊತ್ತಾದ ಗುಟ್ಟು ಮಧ್ಯಾಹ್ನದೊಳಗೆ ಆನಂದರಾವ್ ಸರ್ಕಲ್ಲಿನ ಟೀ ಅಂಗಡಿಗೆ ಬಂದಿರುತ್ತದೆ. ಗುಟ್ಟು ಹೊರಬಿದ್ದ ಮರುಕ್ಷಣ ಎಲ್ಲರೂ ಅದೇ ಕುದುರೆಗೆ ಹಣ ಸುರಿಯುತ್ತಾರೆ. ಬೆಟ್ ತೆಗೆದುಕೊಳ್ಳುವ ಬುಕ್ಕಿ ಹತ್ತಕ್ಕೆ ಒಂದು ಎಂದು ಬರೆದಿದ್ದ ಆಡ್ಸ್, ಅಂದರೆ ಗೆದ್ದರೆ ಕೊಡುವ ಹಣದ ಲೆಕ್ಕ, ಒಂದಕ್ಕೆ ಒಂದಕ್ಕಿಳಿಯುತ್ತದೆ. ಆಮೇಲೆ ಗೆದ್ದರೂ ಪಾಲುದಾರರಿಗೆ ಹಂಚಲು ಏನೂ ಮಿಗುವುದಿಲ್ಲ.

ಹಾಗಾದರೆ ಗೆಲುವನ್ನು ಖಾತ್ರಿ ಮಾಡಿಕೊಳ್ಳಲು ಇರುವ ದಾರಿ ಒಂದೇ: ನಿಧಾನದ ಕುದುರೆಯ ಹೆಸರಿನಲ್ಲಿ ವೇಗದ ಕುದುರೆಯನ್ನು ಓಡಿಸುವುದು. ಹೀಗೆ ಮಾಡಲು ಹೋಗಿ ಜಗತ್ತೇ ನಗುವಂತಾದ ಪ್ರಸಂಗವೊಂದು ಆಸ್ಟ್ರೇಲಿಯಾದಲ್ಲಿ ನಡೆಯಿತು. 1984ರ ಆಗಸ್ಟ್ 18, ಬ್ರಿಸ್ಬೇನ್ ನಗರದ ಈಗಲ್ ಫಾರ್ಮ್ ರೇಸ್‌ಕೋರ್ಸ್. ಫೈನ್ ಕಾಟನ್ ಎಂಬ ಸಾಧಾರಣ ಕುದುರೆ ಓಡಬೇಕಿತ್ತು. ಅದರ ಬದಲು ಅದನ್ನೇ ಹೋಲುವ ಚುರುಕಾದ ಇನ್ನೊಂದು ಕುದುರೆಯನ್ನು ಓಡಿಸುವುದು ವಂಚಕರ ಗುಂಪೊಂದರ ಯೋಜನೆ. ರೇಸಿಗೆ ಮುಂಚೆ ಆ ಹೋಲಿಕೆಯ ಕುದುರೆಗೆ ಪೆಟ್ಟಾಯಿತು. ಬುದ್ಧಿ ಇದ್ದವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಆತುರಾತುರವಾಗಿ ಬೋಲ್ಡ್ ಪರ್ಸನಾಲಿಟಿ ಎಂಬ ಮತ್ತೊಂದು ಕುದುರೆಯನ್ನು ತಂದರು. ಅದು ಫೈನ್ ಕಾಟನ್‌ಗಿಂತ ಎಷ್ಟೋ ಮೇಲಿನ ದರ್ಜೆಯದು, ಆದರೆ ಬಣ್ಣವೇ ಬೇರೆ. ಫೈನ್ ಕಾಟನ್‌ನ ಹಿಂಗಾಲುಗಳಲ್ಲಿದ್ದ ಬಿಳಿ ಗುರುತು ಇದಕ್ಕಿರಲಿಲ್ಲ. ಹೆಂಗಸರು ಕೂದಲಿಗೆ ಹಚ್ಚುವ ಡೈ ತಂದು ಕುದುರೆಯ ಮೈಗೆಲ್ಲ ಬಳಿದರು. ಅದು ಕಂದಾಗುವ ಬದಲು ಕೆಂಪಗಾಯಿತು. ಕಾಲಿನ ಬಿಳುಪಿಗೆ ಬಿಳಿ ಪೇಂಟ್ ಹೊಡೆದರು.

ಅಷ್ಟರಲ್ಲಿ ಸುದ್ದಿ ಸೋರಿಹೋಗಿತ್ತು. ದೇಶದ ಮೂಲೆಮೂಲೆಯಿಂದ ಆ ಒಂದೇ ಕುದುರೆಯ ಮೇಲೆ ಹಣ ಬಿತ್ತು. 33ಕ್ಕೆ 1 ಇದ್ದ ಆಡ್ಸ್ ರೇಸ್ ಶುರುವಾಗುವ ಹೊತ್ತಿಗೆ 7ಕ್ಕೆ 2ರ ಮಟ್ಟಕ್ಕೆ ಕುಸಿದಿತ್ತು. ಕುದುರೆ ಕೂದಲೆಳೆಯ ಅಂತರದಲ್ಲಿ ಗೆದ್ದೂಬಿಟ್ಟಿತು. ವಾಪಸ್ ಬರುವಾಗ ಬೆವರಿಗೆ ಕಾಲಿನ ಪೇಂಟ್ ಕರಗಿ ಇಳಿಯುತ್ತಿತ್ತು. ಇದು ಬೇರೆ ಕುದುರೆ ಎಂದು ಜನ ಬೊಬ್ಬೆ ಹೊಡೆದರು. ರೇಸಿನ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ಕುದುರೆಯ ಕಾಗದಪತ್ರ ತೋರಿಸಿ ಎಂದಾಗ ಟ್ರೇನರ್ ಮೆಲ್ಲಗೆ ಜಾಗ ಖಾಲಿ ಮಾಡಿದ್ದ. ಮುಂದೆ ಆತ ಜೈಲು ಕಂಡ. ಮೊದಲೇ ವಿಷಯ ಗೊತ್ತಿತ್ತೆಂಬ ಕಾರಣಕ್ಕೆ ಆ ದೇಶದ ಹೆಸರಾಂತ ಬುಕ್ಕಿ ಬಿಲ್ ವಾಟರ್‌ಹೌಸ್ ಮತ್ತು ಅವರ ಮಗನನ್ನು ವರ್ಷಗಟ್ಟಲೆ ರೇಸ್‌ಕೋರ್ಸಿನಿಂದಲೇ ಹೊರಗಿಟ್ಟರು. ಈಗ ಕುದುರೆಯ ಕುತ್ತಿಗೆಯಲ್ಲಿ ಮೈಕ್ರೋಚಿಪ್ ಇರುತ್ತದೆ, ಹುಟ್ಟಿದಾಗಲೇ ಡಿಎನ್‌ಎ ಪರೀಕ್ಷೆ ನಡೆಯುತ್ತದೆ. ಪೇಂಟ್ ಡಬ್ಬದ ಕಾಲ ಮುಗಿಯಿತು.

ಸೋಲಿಸುವ ವಿಷಯಕ್ಕೆ ಬನ್ನಿ, ಲೆಕ್ಕ ಪೂರ್ತಿ ತಿರುಗುಮುರುಗು. ಸಾರನ್ನು ರುಚಿ ಮಾಡಲು ಹತ್ತು ಸಾಮಾನು ಬೇಕು, ಕೆಡಿಸಲು ಒಂದು ಹಿಡಿ ಉಪ್ಪು ಸಾಕು. ಎಲ್ಲರೂ ನೆಚ್ಚಿರುವ ಫೇವರಿಟ್ ಕುದುರೆ ಇವತ್ತು ಗೆಲ್ಲುವುದಿಲ್ಲ ಎಂಬುದೊಂದು ಮುಂಚಿತವಾಗಿ ಗೊತ್ತಾದರೆ ಸಾಕು. ಯಾವುದು ಗೆಲ್ಲುತ್ತದೆ ಎಂಬ ಗೊಡವೆ ಬೇಕಿಲ್ಲ. ಹನ್ನೊಂದು ಜನರನ್ನು ಒಪ್ಪಿಸಬೇಕಿಲ್ಲ, ಒಬ್ಬ ಜಾಕಿ ಸಾಕು. ಕೆಲವೊಮ್ಮೆ ಜಾಕಿಯೂ ಬೇಡ, ರೇಸಿನ ದಿನ ಬೆಳಗ್ಗೆ ಒಂದು ಬಕೆಟ್ ನೀರು ಹೆಚ್ಚಿಗೆ ಕುಡಿಸುವ ಕೈ ಸಾಕು.

ಆದರೆ ಸೋಲಿನಿಂದ ಹಣ ಮಾಡುವುದು ಹೇಗೆ? ಇಲ್ಲಿ ಬೆಟ್ಟಿಂಗ್ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ರೇಸ್‌ಕೋರ್ಸಿನಲ್ಲಿ ಎರಡು ಬಗೆಯ ಕೌಂಟರ್‌ಗಳಿವೆ. ಒಂದು ಟೋಟ್. ಅಲ್ಲಿ ಎಲ್ಲರ ಹಣವೂ ಒಂದೇ ಗುಡ್ಡೆಯಾಗಿ ಬೀಳುತ್ತದೆ, ರೇಸ್ ನಡೆಸುವ ಕ್ಲಬ್ಬು ತನ್ನ ಕಮಿಷನ್ನನ್ನೂ ಸರ್ಕಾರ ತನ್ನ ತೆರಿಗೆಯನ್ನೂ ತೆಗೆದುಕೊಂಡ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಯಾವ ಕುದುರೆ ಸೋತರೂ ಗೆದ್ದರೂ ಟೋಟ್ ನಡೆಸುವವರಿಗೆ ಬರುವುದು ಅಷ್ಟೇ. ಹಾಗಾಗಿ ಟೋಟ್‌ನಲ್ಲಿ ಮೋಸ ಮಾಡಬೇಕೆಂದರೆ ಕುದುರೆಯ ತಂಟೆಗೆ ಹೋಗದೆ ಯಂತ್ರದ ತಂಟೆಗೆ ಹೋಗಬೇಕು. 2002ರಲ್ಲಿ ಅಮೆರಿಕದ ಬ್ರೀಡರ್ಸ್ ಕಪ್‌ನಲ್ಲಿ ಹೀಗೇ ಆಯಿತು. ಸತತ ಆರು ರೇಸುಗಳ ವಿಜೇತರನ್ನು ಹೇಳುವ ಜಾಕ್‌ಪಾಟ್ ಅದು. ಬೆಟ್ಟಿಂಗ್ ಕಂಪ್ಯೂಟರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದ ಕ್ರಿಸ್ ಹಾರ್ನ್, ಮೊದಲ ನಾಲ್ಕು ರೇಸು ಮುಗಿದ ಮೇಲೆ ಗೆಳೆಯನ ಟಿಕೆಟ್ಟಿನಲ್ಲಿ ಗೆದ್ದ ಕುದುರೆಗಳ ಹೆಸರನ್ನೇ ತುಂಬಿಬಿಟ್ಟ. ಉಳಿದೆರಡು ರೇಸುಗಳಲ್ಲಿ ಓಡುವ ಎಲ್ಲ ಕುದುರೆಗಳನ್ನೂ ಅವರು ತೆಗೆದುಕೊಂಡಿದ್ದರು. ಕೊನೆಯ ರೇಸಿನಲ್ಲಿ ವೊಲ್ಪೋನಿ ಎಂಬ, ಯಾರೂ ಎಣಿಸದ ಕುದುರೆ 43ಕ್ಕೆ 1ರ ಆಡ್ಸ್‌ನಲ್ಲಿ ಗೆದ್ದು ಇವರ ಗ್ರಹಚಾರ ಕೆಡಿಸಿತು. ಫೇವರಿಟ್ ಗೆದ್ದಿದ್ದರೆ ನೂರಾರು ಜನರ ನಡುವೆ ಇವರ ಟಿಕೆಟ್ಟೂ ಕಳೆದುಹೋಗುತ್ತಿತ್ತು. ಈಗ ಇಡೀ ದೇಶದಲ್ಲಿ ಗೆದ್ದ ಆರು ಟಿಕೆಟ್ಟೂ ಒಬ್ಬನದೇ, ಬಹುಮಾನ ಮೂವತ್ತು ಲಕ್ಷ ಡಾಲರಿಗೂ ಮಿಕ್ಕಿದ್ದು. ಮೊದಲ ನಾಲ್ಕು ರೇಸಿಗೆ ಒಂದೊಂದೇ ಕುದುರೆ, ಕೊನೆಯ ಎರಡಕ್ಕೆ ಅಷ್ಟೂ ಕುದುರೆ ಎಂಬ ಆ ಟಿಕೆಟ್ಟಿನ ವಿನ್ಯಾಸ ನೋಡಿದವರಿಗೆ ಸಂಶಯ ಬರಲು ಇನ್ನೇನೂ ಬೇಕಾಗಲಿಲ್ಲ. ಹಾರ್ನ್, ಆ ಗೆಳೆಯ, ಜೊತೆಗಿದ್ದ ಇನ್ನೊಬ್ಬ, ಮೂವರೂ ಸಿಕ್ಕಿಬಿದ್ದರು.

ಇನ್ನೊಂದು ಕೌಂಟರ್ ಬುಕ್ಕಿಯದು. ಅವನು ಸ್ವಂತ ಜವಾಬ್ದಾರಿಯಲ್ಲಿ ಬೆಟ್ ತೆಗೆದುಕೊಳ್ಳುತ್ತಾನೆ. ಫೇವರಿಟ್ ಸೋತರೆ ಅದರ ಮೇಲೆ ಬಿದ್ದ ಹಣವೆಲ್ಲ ಅವನದು. ಹಾಗಾಗಿ ಹಳೆಯ ಕಾಲದಲ್ಲಿ ಕುದುರೆಯೊಂದು ಸೋಲುತ್ತದೆ ಎಂಬ ಸುದ್ದಿ ಬೆಲೆಬಾಳುತ್ತಿದ್ದದ್ದು ಬುಕ್ಕಿಗೆ ಮಾತ್ರ. 2000ದಲ್ಲಿ ಇಂಗ್ಲೆಂಡಿನಲ್ಲಿ ಬೆಟ್‌ಫೇರ್ ಎಂಬ ಆನ್‌ಲೈನ್ ಬೆಟ್ಟಿಂಗ್ ವಿನಿಮಯ ಕೇಂದ್ರ ಶುರುವಾದ ಮೇಲೆ ಅದೂ ಬದಲಾಯಿತು. ಅಲ್ಲಿ ಯಾರು ಬೇಕಾದರೂ ಮನೆಯಲ್ಲಿ ಕೂತು ಬುಕ್ಕಿಯಾಗಬಹುದು. “ಈ ಕುದುರೆ ಸೋಲುತ್ತದೆ” ಎಂದು ನೀವು ಹಣ ಕಟ್ಟಬಹುದು, ಗೆಲ್ಲುತ್ತದೆ ಎನ್ನುವ ಇನ್ನೊಬ್ಬ ಎಲ್ಲೋ ಕೂತು ಅದನ್ನು ಒಪ್ಪುತ್ತಾನೆ. ಸೋಲಿನ ಸುದ್ದಿಗೆ ರಾತ್ರೋರಾತ್ರಿ ಲಕ್ಷಾಂತರ ಗಿರಾಕಿಗಳು ಹುಟ್ಟಿಕೊಂಡರು. ಇದರಲ್ಲೊಂದು ತಮಾಷೆಯೂ ಇದೆ. ಆ ಕಂಪ್ಯೂಟರಿನಲ್ಲಿ ಪ್ರತಿ ಬೆಟ್ಟಿನ ಹೆಸರು, ಗಂಟೆ, ಮೊತ್ತ ಎಲ್ಲವೂ ದಾಖಲಾಗುತ್ತಿತ್ತು. ಮೋಸದ ದಾರಿಯೂ ಹೆಜ್ಜೆ ಗುರುತೂ ಒಟ್ಟಿಗೇ ಬಂದವು.

ಆ ಹೆಜ್ಜೆ ಗುರುತು ಹಿಡಿದುಕೊಂಡು ಹೊರಟ ಪೊಲೀಸರಿಗೆ ಏನಾಯಿತು ಎಂಬುದನ್ನು ಹೇಳಬೇಕು. ರೇಸ್ ಫಿಕ್ಸಿಂಗ್ ಬಗ್ಗೆ ಮಾತಾಡುವ ಯಾರೂ ಕೀರನ್ ಫಾಲನ್ ಪ್ರಕರಣವನ್ನು ದಾಟಿ ಹೋಗುವಂತಿಲ್ಲ. ಫಾಲನ್ ಐರ್ಲೆಂಡಿನವರು, ಬ್ರಿಟನ್ನಿನಲ್ಲಿ ಆರು ಬಾರಿ ಚಾಂಪಿಯನ್ ಜಾಕಿ. 2004ರ ಮಾರ್ಚ್ 2ರಂದು ಲಿಂಗ್‌ಫೀಲ್ಡ್‌ನಲ್ಲಿ ಬ್ಯಾಲಿಂಜರ್ ರಿಡ್ಜ್ ಎಂಬ ಕುದುರೆಯ ಮೇಲಿದ್ದರು. ಕೊನೆಯ ನೇರ ಓಟಕ್ಕೆ ಬರುವಾಗ ಸುಮಾರು ಹತ್ತು ಕುದುರೆಯಳತೆಯಷ್ಟು ಮುಂದೆ. ಹಿಂದೆ ತಿರುಗಿ ನೋಡಿದರು. ಯಾರೂ ಹತ್ತಿರವಿಲ್ಲ. ಕುದುರೆಯನ್ನು ತಳ್ಳುವುದನ್ನು ನಿಲ್ಲಿಸಿ ಸುಮ್ಮನೆ ಕೂತರು. ಹಿಂದಿನಿಂದ ರೈ ಎಂಬ ಕುದುರೆ ಬಾಣದಂತೆ ಬರುತ್ತಿತ್ತು. ಇವರಿಗೆ ಅರಿವಾಗಿ ಮತ್ತೆ ತಳ್ಳಲು ಶುರುಮಾಡುವ ಹೊತ್ತಿಗೆ ಕುದುರೆಯ ಲಯ ತಪ್ಪಿತ್ತು. ಗೆರೆಯ ಮೇಲೆ ಮೂಗಿನಷ್ಟು ಅಂತರದಲ್ಲಿ ಸೋತರು. ಅದನ್ನು ನೋಡಿದ ಯಾವ ಪಂಟರ್‌ಗೂ ತನಿಖೆ ಬೇಕಿರಲಿಲ್ಲ. ಸ್ಟೀವರ್ಡ್‌ಗಳು 21 ದಿನ ನಿಷೇಧಿಸಿದರು. ಪೊಲೀಸರು 2002ರ ಡಿಸೆಂಬರಿನಿಂದ 2004ರ ಆಗಸ್ಟ್‌ವರೆಗಿನ 27 ರೇಸುಗಳನ್ನು ಪಟ್ಟಿ ಮಾಡಿದರು. ಜೂಜುಕೋರನೊಬ್ಬ ಆ ರೇಸುಗಳಲ್ಲಿ ಕುದುರೆಗಳು ಸೋಲುತ್ತವೆ ಎಂದು ಬೆಟ್‌ಫೇರ್‌ನಲ್ಲಿ ದೊಡ್ಡ ಹಣ ಕಟ್ಟಿದ್ದ, ಫಾಲನ್ ಮತ್ತು ಇನ್ನಿಬ್ಬರು ಜಾಕಿಗಳು ಅವನ ಜೊತೆ ಕೈಜೋಡಿಸಿದ್ದರು ಎಂಬುದು ಆರೋಪ.

2007ರ ಅಕ್ಟೋಬರಿನಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾಗಿ ಡಿಸೆಂಬರ್ 7ಕ್ಕೆ ಕುಸಿದುಬಿತ್ತು. ಪ್ರತಿವಾದ ಕೇಳುವ ಅಗತ್ಯವೂ ಇಲ್ಲ ಎಂದು ನ್ಯಾಯಾಧೀಶರು ಎಲ್ಲರನ್ನೂ ಬಿಟ್ಟರು. ಸರ್ಕಾರದ ಪರ ಮುಖ್ಯ ತಜ್ಞ ಸಾಕ್ಷಿಯಾಗಿ ಬಂದವರು ಆಸ್ಟ್ರೇಲಿಯಾದ ಹಿರಿಯ ಸ್ಟೀವರ್ಡ್. ರೇಸಿನ ಚಿತ್ರಗಳನ್ನು ನೋಡಿ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದ ಅವರು, ಅಡ್ಡಸವಾಲಿನಲ್ಲಿ ಬ್ರಿಟನ್ನಿನ ರೇಸ್ ನಿಯಮಗಳು ತಮಗೆ ಪರಿಚಯವಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಫಾಲನ್ ಸಾಮಾನ್ಯವಾಗಿ ಗೆಲ್ಲುತ್ತಿದ್ದದ್ದು ನೂರಕ್ಕೆ 19ರ ಆಸುಪಾಸು. ಬೇಕೆಂದೇ ಸೋತರು ಎಂದು ಆರೋಪಿಸಿದ ರೇಸುಗಳಲ್ಲಿ ಅವರು ಗೆದ್ದದ್ದು ನೂರಕ್ಕೆ 29ಕ್ಕೂ ಹೆಚ್ಚು! ಅವರ ಕುದುರೆಗಳ ವಿರುದ್ಧ ಹಣ ಕಟ್ಟಿದಾತ ಲಕ್ಷಾಂತರ ಪೌಂಡ್ ಕಳೆದುಕೊಂಡಿದ್ದ. ಸೋಲಲು ಲಂಚ ಪಡೆದವನು ಹೀಗಾ ಓಡುವುದು ಎಂದು ವಕೀಲರು ಕೇಳಿದರೆ ಉತ್ತರವಿರಲಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಫಾಲನ್ ಜೊತೆ ಖುಲಾಸೆಯಾದ ಇಬ್ಬರು ಜಾಕಿಗಳಲ್ಲಿ ಒಬ್ಬರು ಮುಂದೆ ಬ್ರಿಟನ್ನಿನ ರೇಸ್ ಆಡಳಿತ ಮಂಡಳಿಯ ಎದುರು, 2004ರ ಒಂದು ರೇಸಿನಲ್ಲಿ ತಾವು ಕುದುರೆಯನ್ನು ಬೇಕೆಂದೇ ತಡೆದದ್ದು ಹೌದು ಎಂದು ಒಪ್ಪಿ ದಂಡ ಕಟ್ಟಿದರು. ಅಂದರೆ ಎಲ್ಲರ ಕಣ್ಣಿಗೂ ಮೋಸವಾಗಿ ಕಂಡ ರೇಸಿನಲ್ಲಿ ಮೋಸ ಸಾಬೀತಾಗಲಿಲ್ಲ, ಯಾರೂ ಅಷ್ಟಾಗಿ ಗಮನಿಸದ ರೇಸಿನಲ್ಲಿ ಮೋಸ ನಡೆದಿತ್ತು. ಗ್ಯಾಲರಿಯಲ್ಲಿ ನಿಂತು “ಎಳೆದ, ಎಳೆದ” ಎಂದು ಕೂಗುವವರ ಬಗ್ಗೆ ನನಗೆ ನಂಬಿಕೆ ಕಡಿಮೆಯಾದದ್ದು ಇದನ್ನು ಓದಿದ ಮೇಲೆ.

ಎಳೆಯುವುದು ಎಂದರೆ ಲಗಾಮು ಹಿಡಿದು ಜಗ್ಗುವುದು ಎಂದುಕೊಂಡವರೇ ಹೆಚ್ಚು. ನನಗೆ ಪರಿಚಯದ ನಿವೃತ್ತ ಜಾಕಿಯೊಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಒಂದು ಸಂಜೆ ಅವರ ಮೊಬೈಲಿನಲ್ಲಿ ಹಳೆಯ ರೇಸುಗಳನ್ನು ನೋಡುತ್ತ ಕೂತಿದ್ದೆವು. ಒಂದು ಕುದುರೆ ಕಡೆಯಲ್ಲಿ ಹಿಂದೆ ಬಿತ್ತು. ಜಾಕಿ ಚಾವಟಿ ಬೀಸುತ್ತಲೇ ಇದ್ದ. “ಪಾಪ, ತುಂಬಾ ಪ್ರಯತ್ನ ಮಾಡ್ತಿದಾನೆ” ಅಂದೆ. ಅವರು ನಕ್ಕು ಚಿತ್ರವನ್ನು ಹಿಂದಕ್ಕೆ ಸರಿಸಿದರು. “ಚಾವಟಿ ನೋಡ್ಬೇಡಿ ಸಾರ್, ಇನ್ನೊಂದು ಕೈ ನೋಡಿ.” ಕುದುರೆ ಪೂರ್ತಿ ಚಾಚಿ ಓಡುವಾಗ ಅದರ ಕುತ್ತಿಗೆ ಪ್ರತಿ ಹೆಜ್ಜೆಗೂ ಮುಂದೆ ಹೋಗಿ ಹಿಂದೆ ಬರುತ್ತದೆ. ನಿಜವಾಗಿ ಓಡಿಸುವ ಜಾಕಿಯ ಕೈ ಕುತ್ತಿಗೆಯ ಜೊತೆಯಲ್ಲೇ ಮುಂದೆ ಹೋಗುತ್ತದೆ. ಇವನ ಎಡಗೈ ಕುದುರೆಯ ಹೆಗಲ ಮೇಲೆ ಮೊಳೆ ಹೊಡೆದಂತೆ ನಿಂತಿತ್ತು. ಬಲಗೈ ಮಾತ್ರ ಗ್ಯಾಲರಿಗಾಗಿ ಕುಣಿಯುತ್ತಿತ್ತು. ಆಮೇಲೆ ಅವರು ಒಂದೊಂದೇ ವಿಧಾನ ಹೇಳಿದರು. ಗೇಟು ತೆರೆದಾಗ ಅರೆಕ್ಷಣ ತಡವಾಗಿ ಬಿಡುವುದು. ತಿರುವಿನಲ್ಲಿ ಹೊರಗಿನಿಂದ ಸುತ್ತಿಸಿ ಹೆಚ್ಚು ದೂರ ಓಡಿಸುವುದು. ಮುಂದಿರುವ ಕುದುರೆಗಳ ಗೋಡೆಯ ಹಿಂದೆ ಹೋಗಿ ಸಿಕ್ಕಿಕೊಳ್ಳುವುದು, ಜಾಗ ಸಿಗಲಿಲ್ಲ ಎನ್ನುವುದು. ಮುನ್ನುಗ್ಗುವ ಕುದುರೆಯನ್ನು ಹಿಂದಿಟ್ಟುಕೊಂಡು ಕೊನೆಯಲ್ಲಿ ಬಿಡುವುದು.

“ಹಾಗಾದರೆ ಇವನು ಮೋಸ ಮಾಡಿದ್ದಾನಾ?” ಎಂದು ಕೇಳಿದೆ. “ಹೇಗೆ ಹೇಳೋದು? ಕುದುರೆಗೆ ಉಸಿರು ಮುಗಿದಿದ್ರೂ ಕೈ ಹಿಂಗೇ ನಿಲ್ಲುತ್ತೆ. ಗೇಟಲ್ಲಿ ನಾನೂ ಎಷ್ಟೋ ಸಲ ಲೇಟಾಗಿ ಬಿಟ್ಟಿದೀನಿ. ನಿಯತ್ತಾಗಿಯೇ.” ಈ ಇಡೀ ವ್ಯವಹಾರದ ತೊಡಕು ಇದೇ. ಮೋಸದ ಪ್ರತಿಯೊಂದು ಚಲನೆಯೂ ಪ್ರಾಮಾಣಿಕ ತಪ್ಪಿನ ಹಾಗೇ ಕಾಣುತ್ತದೆ. ಸ್ಟೀವರ್ಡ್‌ಗಳು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆದ ಚಿತ್ರಗಳನ್ನಿಟ್ಟುಕೊಂಡು ಕೂರುತ್ತಾರೆ. ಜಾಕಿಯ ಮನಸ್ಸನ್ನು ತೆಗೆಯುವ ಕ್ಯಾಮೆರಾ ಅವರಲ್ಲಿಲ್ಲ.

ನಮ್ಮ ಊರಿನ ಮಟ್ಟಿಗೆ ಲಂಚದ ಫಿಕ್ಸಿಂಗಿಗಿಂತ ಹೆಚ್ಚು ಗಮನಿಸಬೇಕಾದದ್ದು ಬೇರೆಯೇ ಇದೆ ಎಂಬುದು ನನ್ನ ಅಭಿಪ್ರಾಯ. ಅದು ಹ್ಯಾಂಡಿಕ್ಯಾಪ್. ರೇಸ್ ಪುಸ್ತಕ ತೆರೆದರೆ ಹೆಚ್ಚಿನ ರೇಸುಗಳ ತಲೆಯ ಮೇಲೆ “ರೇಟೆಡ್ 20ರಿಂದ 45”, “40ರಿಂದ 65” ಎಂದು ಬರೆದಿರುತ್ತದೆ. ಪ್ರತಿ ಕುದುರೆಗೂ ಅದರ ಸಾಮರ್ಥ್ಯಕ್ಕೆ ತಕ್ಕಂತೆ ಹ್ಯಾಂಡಿಕ್ಯಾಪರ್ ಒಂದು ಅಂಕ ಕೊಟ್ಟಿರುತ್ತಾರೆ. ಅಂಕ ಹೆಚ್ಚಿದ್ದ ಕುದುರೆ ಹೆಚ್ಚು ಭಾರ ಹೊತ್ತು ಓಡಬೇಕು. ಜಾಕಿಯ ತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ತುಂಡುಗಳನ್ನಿಡುತ್ತಾರೆ. ಎಲ್ಲ ಕುದುರೆಗೂ ಸಮನಾದ ಅವಕಾಶ ಸಿಗಲಿ, ಬೆಟ್ಟಿಂಗ್ ರಂಗೇರಲಿ ಎಂಬುದು ಉದ್ದೇಶ. ಗೆದ್ದರೆ ಅಂಕ ಏರುತ್ತದೆ, ಸೋಲುತ್ತಾ ಹೋದರೆ ಇಳಿಯುತ್ತದೆ.

ಈಗ ನೀವೇ ಒಬ್ಬ ಮಾಲೀಕರೆಂದುಕೊಳ್ಳಿ. ನಿಮ್ಮ ಕುದುರೆಯ ಅಂಕ 50. ಮೇಲಿನ ದರ್ಜೆಯಲ್ಲಿ ಅದು ನಾಲ್ಕನೆಯದೋ ಐದನೆಯದೋ ಆಗುತ್ತದೆ. ಅಂಕ 45ಕ್ಕಿಳಿದರೆ ಕೆಳಗಿನ ದರ್ಜೆಯಲ್ಲಿ ಅದೇ ರಾಜ. ಮೂರು ನಾಲ್ಕು ರೇಸಿನಲ್ಲಿ ಹಿಂದೆ ಬಿದ್ದರೆ ಅಂಕವೂ ಇಳಿಯುತ್ತದೆ, ಜನರೂ ಆ ಕುದುರೆಯನ್ನು ಮರೆಯುತ್ತಾರೆ, ಬುಕ್ಕಿ ಒಳ್ಳೆಯ ಆಡ್ಸ್ ಕೊಡುತ್ತಾನೆ. ಇದಕ್ಕೆ ಜಾಕಿಯನ್ನು ಒಪ್ಪಿಸುವುದೂ ಬೇಡ. ಚುಟುಕು ದೂರದಲ್ಲಿ ಚುರುಕಾದ ಕುದುರೆಯ ಹೆಸರನ್ನು 2000 ಮೀಟರಿನ ರೇಸಿಗೆ ಕೊಟ್ಟರಾಯಿತು. ಮೈ ಬಲಿಯುವ ಮುಂಚೆಯೇ ಓಡಿಸಿದರಾಯಿತು. ಹೊಸ ಹುಡುಗನನ್ನು ಕೂರಿಸಿದರಾಯಿತು. ಜಾಕಿ ಪ್ರಾಮಾಣಿಕವಾಗಿಯೇ ಓಡಿಸುತ್ತಾನೆ, ಕುದುರೆ ಪ್ರಾಮಾಣಿಕವಾಗಿಯೇ ಸೋಲುತ್ತದೆ. ಸರಿಯಾದ ದೂರ, ಹಗುರ ಭಾರ, ಹಿರಿಯ ಜಾಕಿ ಮೂರೂ ಕೂಡಿಬಂದ ದಿನ ಗೆಲ್ಲುತ್ತದೆ. ಟ್ರೇನರನ್ನು ಕರೆದು, ಇದ್ದಕ್ಕಿದ್ದಂತೆ ಇಷ್ಟು ಸುಧಾರಿಸಿದ್ದು ಹೇಗೆ ಎಂದು ಸ್ಟೀವರ್ಡ್‌ಗಳು ಕೇಳುತ್ತಾರೆ. ದೂರ ಹೊಂದಿಕೊಂಡಿತು ಸಾರ್ ಎಂದರೆ ಅದು ಸುಳ್ಳಲ್ಲ. ಇದನ್ನು ಫಿಕ್ಸಿಂಗ್ ಎನ್ನಬೇಕೋ ಜಾಣತನ ಎನ್ನಬೇಕೋ ಎಂದು ರೇಸ್ ಬಲ್ಲವರೇ ಇವತ್ತಿಗೂ ಜಗಳವಾಡುತ್ತಾರೆ. ಸೋತರೆ ಲಾಭವಾಗುವ ಹಾಗೆ ಆಟವನ್ನು ಕಟ್ಟಿದವರು ನಾವೇ. ಆ ಲಾಭವನ್ನು ಯಾರಾದರೂ ತೆಗೆದುಕೊಂಡಾಗ ಅಚ್ಚರಿಪಡುವುದು ಸ್ವಲ್ಪ ನಾಟಕವೇ ಎನ್ನುವ ಕಡೆ ನಾನಿದ್ದೇನೆ.

ಹಾಗೆಂದು ಪಂಟರ್ ಸೋತದ್ದಕ್ಕೆಲ್ಲ ಇದೇ ಕಾರಣವೂ ಅಲ್ಲ. ಯಾವ ದೇಶದ ದಾಖಲೆ ತೆಗೆದರೂ ಫೇವರಿಟ್ ಕುದುರೆ ಗೆಲ್ಲುವುದು ಸರಿಸುಮಾರು ಮೂರು ರೇಸಿಗೆ ಒಂದರಲ್ಲಿ. ಯಾರೂ ಏನೂ ಮೋಸ ಮಾಡದಿದ್ದರೂ ಮೂರರಲ್ಲಿ ಎರಡು ಸಲ ಜನ ನೆಚ್ಚಿದ ಕುದುರೆ ಸೋಲುತ್ತದೆ. ಸಂಜೆಯೊಂದರಲ್ಲಿ ಎಂಟು ರೇಸಿದ್ದರೆ ಐದಾರು ಬಾರಿ ಗ್ಯಾಲರಿ “ಮೋಸ” ಎಂದು ಕೂಗಲು ಇಷ್ಟೇ ಸಾಕು.

ಮದ್ದಿನ ವಿಷಯ ಒಂದಿಷ್ಟು. ರೇಸು ಮುಗಿದ ಮೇಲೆ ಗೆದ್ದ ಕುದುರೆಯ ಮೂತ್ರವನ್ನೋ ರಕ್ತವನ್ನೋ ಎರಡು ಭಾಗ ಮಾಡಿ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. 2017ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಸಿಕ್ಕಿ, ಪ್ರಕರಣ ಕ್ಲಬ್ಬಿನ ಗೋಡೆ ದಾಟಿ ಪೊಲೀಸ್ ತನಿಖೆಯವರೆಗೆ ಹೋದದ್ದು ಹಲವರಿಗೆ ನೆನಪಿರಬಹುದು. ಪ್ರೊಕೇನ್ ನೋವು ಮರೆಸುವ ಮದ್ದು. ಕುಂಟುವ ಕುದುರೆಗೆ ಕೊಟ್ಟರೆ ನೋವು ಗೊತ್ತಾಗದೆ ಓಡುತ್ತದೆ, ಕಾಲು ಮುರಿದುಕೊಂಡು ಮೇಲಿದ್ದವನನ್ನೂ ಕೆಡವಬಹುದು. ಪೆನಿಸಿಲಿನ್‌ನ ಒಂದು ಬಗೆಯ ಇಂಜೆಕ್ಷನ್ನಿನಲ್ಲೂ ಪ್ರೊಕೇನ್ ಇರುತ್ತದೆ. ಹಾಗಾಗಿ ಜಗತ್ತಿನಲ್ಲಿ ಎಲ್ಲೇ ಈ ಮದ್ದು ಸಿಕ್ಕರೂ ಗಾಯಕ್ಕೆ ಚಿಕಿತ್ಸೆ ಕೊಟ್ಟಿದ್ದೆವು ಎಂಬ ವಿವರಣೆ ಹಿಂದೆಯೇ ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಈ ಪರೀಕ್ಷೆಗೆ ಮುಖ್ಯವಾಗಿ ಸಿಕ್ಕಿಬೀಳುವುದು ಗೆದ್ದ ಕುದುರೆ ಎಂಬುದನ್ನು ಗಮನಿಸಿ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಸೋತದ್ದರ ಕತೆ. ಜನ ನೆಚ್ಚಿದ್ದ ಫೇವರಿಟ್ ಕಾರಣವಿಲ್ಲದೆ ಹಿಂದೆ ಬಿದ್ದಾಗ ಅದರ ಮಾದರಿಯನ್ನೂ ತಪ್ಪದೆ ತೆಗೆಯಬೇಕು.

ಕಾನೂನಿಗೂ ಈ ವಿಷಯಕ್ಕೂ ಒಂದು ಸ್ವಾರಸ್ಯದ ನಂಟಿದೆ. ನಮ್ಮ ದೇಶದಲ್ಲಿ ಕುದುರೆ ರೇಸು ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ತಮಿಳುನಾಡು ಸರ್ಕಾರದ ವಿರುದ್ಧ ಕೆ.ಆರ್. ಲಕ್ಷ್ಮಣನ್ ಹೂಡಿದ್ದ ಮೊಕದ್ದಮೆ ಅದು. ಕುದುರೆಯ ವಂಶ, ತರಬೇತಿ, ಜಾಕಿಯ ಕೈಚಳಕ ಇವುಗಳ ಮೇಲೆ ಗೆಲುವು ನಿಂತಿದೆ, ಇವನ್ನು ಅಳೆದು ತೂಗಿ ಬೆಟ್ ಕಟ್ಟುವುದು ಕೌಶಲ, ಆದ್ದರಿಂದ ರೇಸು ಕೌಶಲದ ಆಟ ಎಂಬುದು ಸಾರಾಂಶ. ಈ ಇಡೀ ವಾದ ನಿಂತಿರುವುದು ಹನ್ನೆರಡೂ ಕುದುರೆ ಗೆಲ್ಲಲೆಂದೇ ಓಡುತ್ತವೆ ಎಂಬ ನಂಬಿಕೆಯ ಮೇಲೆ. ಒಂದು ಕುದುರೆ ಇವತ್ತು ಓಡುವ ಮನಸ್ಸಿನಲ್ಲಿಲ್ಲ ಎಂಬುದು ಮೂರು ಜನಕ್ಕೆ ಗೊತ್ತಿದ್ದು, ಮೂರು ಸಾವಿರ ಜನಕ್ಕೆ ಗೊತ್ತಿಲ್ಲದಿದ್ದರೆ ಆ ಮೂರು ಸಾವಿರ ಜನ ಎಂಥ ಕೌಶಲ ತೋರಿಸಬೇಕು? ಕ್ಲಬ್ಬುಗಳು ರೇಸಿನ ಪ್ರಾಮಾಣಿಕತೆಯನ್ನು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಂಡಿವೆ. ನನ್ನ ಪ್ರಕಾರ ಅದು ಅವುಗಳ ಅಸ್ತಿತ್ವದ ಪ್ರಶ್ನೆ.

2024ರ ಜನವರಿಯಲ್ಲಿ ಸಿಸಿಬಿ ಪೊಲೀಸರು ಬೆಂಗಳೂರು ರೇಸ್‌ಕೋರ್ಸಿನ ಬುಕ್ಕಿಗಳ ಕೌಂಟರ್‌ಗಳ ಮೇಲೆ ದಾಳಿ ಮಾಡಿ ಕೋಟಿಗಟ್ಟಲೆ ನಗದು ವಶಪಡಿಸಿಕೊಂಡಾಗ, “ನೋಡಿ, ನಾವು ಹೇಳಿರಲಿಲ್ವಾ” ಎಂದವರು ಬಹಳ. ಅಲ್ಲಿದ್ದ ಆರೋಪ ಜಿಎಸ್‌ಟಿ ವಂಚನೆಯದು, ಫಿಕ್ಸಿಂಗಿನದಲ್ಲ. ತೆರಿಗೆಯ ವಿಷಯವೂ ಫಿಕ್ಸಿಂಗೂ ಬೇರೆ ಬೇರೆಯಾದರೂ ಒಂದು ಕೊಂಡಿ ಇದೆ. ಬೆಟ್ಟಿನ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರಿನಿಂದ ನೂರಕ್ಕೆ 28, 2025ರ ಸೆಪ್ಟೆಂಬರಿನಿಂದ ನೂರಕ್ಕೆ 40 ತೆರಿಗೆ. ಗೆದ್ದರೂ ಕೈಗೆ ಬರುವುದು ಕಡಿಮೆ ಎಂದು ಲೆಕ್ಕ ಹಾಕಿದ ಪಂಟರ್, ಟೋಟ್ ಬಿಟ್ಟು ಮೊಬೈಲಿನಲ್ಲಿ ಬೆಟ್ ತೆಗೆದುಕೊಳ್ಳುವ ಕಳ್ಳ ಬುಕ್ಕಿಯ ಬಳಿ ಹೋಗುತ್ತಾನೆ. ಅಲ್ಲಿ ರಸೀದಿ ಇಲ್ಲ, ತೆರಿಗೆ ಇಲ್ಲ, ಫಾಲನ್ ಪ್ರಕರಣದಲ್ಲಿ ಪೊಲೀಸರಿಗೆ ಸಿಕ್ಕಂಥ ಹೆಜ್ಜೆ ಗುರುತೂ ಇಲ್ಲ. ಒಂದು ಕುದುರೆ ಸೋಲುತ್ತದೆ ಎಂದು ಅಲ್ಲಿ ಯಾರು ಎಷ್ಟು ಹಣ ಕಟ್ಟಿದರು ಎಂಬುದು ಸ್ಟೀವರ್ಡ್‌ಗಳಿಗೆ ಎಂದೂ ಗೊತ್ತಾಗುವುದಿಲ್ಲ. ಜೂಜು ಕಡಿಮೆಯಾಗಲಿ ಎಂದು ಹಾಕಿದ ತೆರಿಗೆ, ಮೋಸ ಮಾಡುವವನಿಗೆ ಬೇಕಾದ ಕತ್ತಲೆಯನ್ನು ಒದಗಿಸಿದಂತಾಗಿದೆ.

ನನ್ನನ್ನು ಕೇಳಿದರೆ ಮೊದಲು ಆಗಬೇಕಾದದ್ದು ಖರ್ಚಿಲ್ಲದ ಕೆಲಸ. ಹಾಂಗ್‌ಕಾಂಗ್‌ನಲ್ಲಿ ಪ್ರತಿ ರೇಸಿನ ನಂತರ ಸ್ಟೀವರ್ಡ್‌ಗಳ ವರದಿ ಹೊರಬರುತ್ತದೆ. ಯಾವ ಕುದುರೆ ಗೇಟಿನಲ್ಲಿ ತಡಮಾಡಿತು, ಯಾವುದಕ್ಕೆ ದಾರಿ ಸಿಗಲಿಲ್ಲ, ಸೋತ ಫೇವರಿಟ್ ಬಗ್ಗೆ ಜಾಕಿ ಏನು ಹೇಳಿದ, ಪಶುವೈದ್ಯರು ಏನು ಕಂಡರು, ಎಲ್ಲವೂ ಅದರಲ್ಲಿರುತ್ತದೆ. ನಮ್ಮಲ್ಲೂ ವಿಚಾರಣೆಗಳು ನಡೆಯುತ್ತವೆ, ಶಿಕ್ಷೆಗಳೂ ಆಗುತ್ತವೆ. ಆದರೆ ನಾನು ಓದಿದ ಎಷ್ಟೋ ವರದಿಗಳಲ್ಲಿ ಜಾಕಿಗೆ ಇಷ್ಟು ದಿನ ನಿಷೇಧ ಎಂಬುದಿತ್ತು, ಆತ ಕೊಟ್ಟ ವಿವರಣೆ ಏನು, ಅದನ್ನು ಯಾಕೆ ಒಪ್ಪಲಿಲ್ಲ ಎಂಬುದಿರಲಿಲ್ಲ. ಇನ್ನೊಬ್ಬ ಟ್ರೇನರಿನ ವಿವರಣೆಯನ್ನು ಯಾಕೆ ಒಪ್ಪಿದರು ಎಂಬುದೂ ಇರಲಿಲ್ಲ. ಅದನ್ನು ಎರಡು ಪ್ಯಾರಾ ಬರೆದು, ಎದುರಿನಿಂದ ತೆಗೆದ ಚಿತ್ರವನ್ನೂ ಜೊತೆಗೆ ಹಾಕಿದರೆ, ಭಾನುವಾರ ಗೇಟಿನಾಚೆ ಜಗಳವಾಡುವವರಿಗೆ ಜಗಳವಾಡಲು ಒಂದು ಆಧಾರವಾದರೂ ಸಿಗುತ್ತದೆ.